ಚಿಕ್ಕ ಪೆಟ್ಟಿಗೆಯ ಸಂತೆ

ಕುದುರೆ ಹತ್ತಿಕೊಂಡು ಊರ ಬಾಗಿಲಿನಿಂದ ಸಂತೆಗೆ ಹೋಗುವ ಕೆಲಸವನ್ನು ನಮ್ಮ ಆಫೀಸಿನಲ್ಲಿ ಯಾರೂ ಮಾಡುತ್ತಿರಲಿಲ್ಲ. ಆಟ ಆಡುವವರು ಮಾಡುತ್ತಾರೆ. ನಾವು ಆಟವನ್ನು ಪರೀಕ್ಷೆ ಮಾಡುವವರು, ನಮಗೆಲ್ಲಿ ಅಷ್ಟು ಪುರುಸೊತ್ತು? ಒಂದು ಆಜ್ಞೆ ಟೈಪ್ ಮಾಡಿದರೆ ಕಥಾನಾಯಕ ನೆಟ್ಟಗೆ ಸಂತೆಯ ನಡುಮಧ್ಯೆ ಬಂದು ನಿಲ್ಲುತ್ತಾನೆ. ಅದಕ್ಕೆ ನಾವು 'ಇಳಿಸೋದು' ಎನ್ನುತ್ತಿದ್ದೆವು. "ಎಲ್ಲಿ ಇಳಿಸ್ಲಿ?" "ಸಂತೇಲಿ ಇಳಿಸು." ಹೀಗೆ ದಿನವಿಡೀ ಇಳಿಸುತ್ತ, ಅಳೆಯುತ್ತ, ಎಲ್ಲ ಚೆನ್ನಾಗಿದೆ ಎಂದು ವರದಿ ಕಳಿಸುತ್ತ ಕೂತಿದ್ದೆವು.

ನಮ್ಮ ಆಫೀಸು ಇಂದಿರಾನಗರದಲ್ಲಿ, ಒಂದು ಸೀರೆ ಅಂಗಡಿಯ ಮೇಲೆ. ಹೊರದೇಶದ ಕಂಪನಿಯೊಂದು ಭಾರಿ ದೊಡ್ಡ ಆಟವನ್ನು ತಯಾರಿಸುತ್ತಿತ್ತು. ಇಂಥ ಆಟಗಳಲ್ಲಿ ಒಂದು ಇಡೀ ಸೀಮೆಯನ್ನೇ ಕಟ್ಟಿಟ್ಟಿರುತ್ತಾರೆ. ಕಾಡು, ಬೆಟ್ಟ, ಬಂದರು, ಊರು, ಎಲ್ಲ ಉಂಟು. ಆಡುವವರು ಒಂದು ಪಾತ್ರವಾಗಿ ಒಳಹೊಕ್ಕು ಮನಸ್ಸು ಬಂದ ಕಡೆ ಅಲೆಯಬಹುದು. ಅದರ ಬಂದರು ಪಟ್ಟಣದ ಸಂತೆಗೆ ಜನ ತುಂಬುವುದು ನಮ್ಮ ಪಾಲಿನ ಕೆಲಸ. ಜೊತೆಗೆ, ಇಡೀ ಆಟವನ್ನು ಅಗ್ಗದ ಕನ್ಸೋಲ್‌ನಲ್ಲಿ ಓಡುವ ಹಾಗೆ ಮಾಡಿಕೊಡುವುದೂ ನಮ್ಮದೇ. ಕನ್ಸೋಲ್ ಎಂದರೆ ಟೀವಿಗೆ ಜೋಡಿಸಿ ಆಡುವ ಪೆಟ್ಟಿಗೆ. ದುಬಾರಿಯದನ್ನು ದೊಡ್ಡ ಪೆಟ್ಟಿಗೆ, ಅಗ್ಗದ್ದನ್ನು ಚಿಕ್ಕ ಪೆಟ್ಟಿಗೆ ಎಂದು ಕರೆಯುತ್ತಿದ್ದೆವು. ದೊಡ್ಡದರಲ್ಲಿ ಸೆಕೆಂಡಿಗೆ ಅರವತ್ತು ಚಿತ್ರ, ಅಂದರೆ ಅರವತ್ತು ಫ್ರೇಮು, ಮೂಡಬೇಕು, ಚಿಕ್ಕದರಲ್ಲಿ ಮೂವತ್ತು. ಮೂವತ್ತಕ್ಕಿಂತ ಕೆಳಗೆ ಇಳಿದರೆ ಆಟ ತಡವರಿಸುತ್ತದೆ, ಕೈ ಒಂದು ಹೇಳಿದರೆ ಪರದೆ ಇನ್ನೊಂದು ಮಾಡುತ್ತದೆ, ಆಡುವವರಿಗೆ ತಲೆನೋವು ಶುರುವಾಗುತ್ತದೆ. ಆ ಮೂವತ್ತನ್ನು ಕಾಯುವವಳು ನಾನು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಈ ಕೆಲಸಕ್ಕೆ ಅದು ಅನುಕೂಲವೇ ಆಗಿದೆ.

ಸಂತೆಯ ಜನರನ್ನು ಮಾಡಿದವನು ನಮ್ಮ ಕ್ರೌಡ್ ಡಿಸೈನರ್, ಹಲಸೂರಿನವನು. ಅಪ್ಪ ಅಮ್ಮ ಬೇಗ ಹೋಗಿಬಿಟ್ಟಿದ್ದರಿಂದ ಅಕ್ಕನೇ ಅವನನ್ನು ಸಾಕಿ ಓದಿಸಿದ್ದರು. ಅಕ್ಕ ಶಿವಾಜಿನಗರದಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ತಿರುಗಾಡಿ ಹೂ ಮಾರುತ್ತಾರೆ. ಇವನು ರಜೆ ಬಂದರೆ ಸಾಕು, ರಸೆಲ್ ಮಾರ್ಕೆಟ್ಟಿನ ಮುಂದೆ ಚಹಾ ಹಿಡಿದು ನಿಂತುಬಿಡುತ್ತಿದ್ದ. ಮಟನ್ ಅಂಗಡಿಯವರು ಕೈ ಒರೆಸಿಕೊಳ್ಳುವುದು, ಮೂಟೆ ಹೊತ್ತವರು ಗಿರಾಕಿಗಳನ್ನು ಮೊಣಕೈಯಲ್ಲಿ ಸರಿಸಿ ನುಗ್ಗುವುದು, ಚೌಕಾಸಿ ಮುರಿದು ಎರಡು ಹೆಜ್ಜೆ ಹೋದ ಹೆಂಗಸು ಮತ್ತೆ ತಿರುಗಿ ಬರುವುದು, ಎಲ್ಲ ಆ ಬಂದರಿನ ಸಂತೆಗೆ ಹೋಯಿತು. ಹೊರದೇಶದವರು ನೋಡಿ ಬೆರಗಾದರು. ನಮಗೂ ಹೆಮ್ಮೆ.

ಒಂದು ದಿನ ಅಕ್ಕನನ್ನೇ ಆಫೀಸಿಗೆ ಕರೆತಂದ. ಮೈಗೆ ಸೆನ್ಸರ್ ಪಟ್ಟಿ ಕಟ್ಟಿಕೊಂಡು ನಡೆದರೆ ಆ ನಡಿಗೆ ಇದ್ದ ಹಾಗೇ ಕಂಪ್ಯೂಟರಿಗೆ ಇಳಿಯುತ್ತದೆ. ಸೀರೆಯ ಮೇಲೇ ಪಟ್ಟಿ ಕಟ್ಟಿ, ತಲೆಗೆ ಖಾಲಿ ಬುಟ್ಟಿ ಕೊಟ್ಟೆವು. ಅವರು ಬುಟ್ಟಿಯನ್ನು ಕೆಳಗಿಟ್ಟುಬಿಟ್ಟರು.

"ಖಾಲಿ ಬುಟ್ಟಿ ಹೊತ್ಕೊಂಡು ನಾನ್ ನಡ್ಯಲ್ಲ ಸಾಮಿ. ಏನಾದ್ರೂ ಹಾಕ್ಕೊಡಿ."

ನೀರಿನ ಬಾಟಲಿಗಳನ್ನು ತುಂಬಿಕೊಟ್ಟೆವು. ಮೀಟಿಂಗ್ ರೂಮಿನ ಕುರ್ಚಿಗಳನ್ನೆಲ್ಲ ಗೋಡೆಗೆ ತಳ್ಳಿದ್ದೆವು, ಆ ಜಾಗದಲ್ಲಿ ಅವರು ನಡೆದರು. ಒಂದು ಕೈ ಬುಟ್ಟಿಗೆ, ಇನ್ನೊಂದು ಕೈ ಜನರನ್ನು ಸರಿಸುವ ಹಾಗೆ ಮುಂದಕ್ಕೆ. ನಮ್ಮ ಹುಡುಗರು ನಕ್ಕರು. "ಏಯ್, ಏನ್ ಹಲ್ ಕಿಸೀತೀರಾ? ನಿಮ್ಮಮ್ಮ ಹೂ ಮುಡ್ಯಲ್ವಾ?" ಎಂದು ಅಕ್ಕ ಗದರಿಸಿ, ಆಮೇಲೆ ತಾವೂ ಜೋರಾಗಿ ನಕ್ಕರು. ಹೊರಡುವಾಗ ತಮ್ಮನನ್ನು ಕೇಳಿದ್ದು ಒಂದೇ ಮಾತು: "ನಾನು ಟೀವೀಲಿ ಯಾವಾಗ ಬರ್ತೀನಿ?" ಅವರ ಮಗಳು ಕಾಲೇಜಿಗೆ ಹೋಗುವವಳು, ಆಟದ ಹುಚ್ಚಿನವಳು, ಶಿವಾಜಿನಗರದಿಂದ ಸೆಕೆಂಡ್ ಹ್ಯಾಂಡ್ ಚಿಕ್ಕ ಪೆಟ್ಟಿಗೆ ತಂದಿಟ್ಟುಕೊಂಡಿದ್ದಳು. ಹಾಗಾಗಿ ಅಕ್ಕ ಬರುವುದಾದರೆ ಆ ಚಿಕ್ಕ ಪೆಟ್ಟಿಗೆಯಲ್ಲೇ ಬರಬೇಕಿತ್ತು.

ಮುಗಿಯುವ ಹಂತ ಬಂದಾಗ ಹೊರದೇಶದಿಂದ ಹೊಸ ಪ್ರತಿ ಬಂತು. ಅಂಗಡಿಗೆ ಹೋಗುವ ಪ್ರತಿಯ ಹಾಗೇ ಇದ್ದದ್ದು. ನಮ್ಮ ಗುಟ್ಟಿನ ಆಜ್ಞೆಗಳನ್ನೆಲ್ಲ ಅದರಲ್ಲಿ ಕಿತ್ತುಹಾಕಿದ್ದರು. ಸಂತೆಯಲ್ಲಿ ಇಳಿಸೋಣ ಎಂದರೆ ಇಳಿಯಲು ದಾರಿಯೇ ಇಲ್ಲ. ಹಾಳಾಗಿ ಹೋಗಲಿ ಎಂದು ಗೊಣಗಿಕೊಂಡು ಕುದುರೆ ಹತ್ತಿದೆ.

ಬೆಟ್ಟ ಇಳಿಯುವಾಗ ದೂರದಲ್ಲಿ ಕಡಲು ಕಾಣಿಸಿತು. ಇಷ್ಟು ದಿನ ಈ ಆಟದೊಳಗೇ ಬಿದ್ದಿದ್ದೇನೆ, ಈ ಕಡಲನ್ನು ಈ ಕಡೆಯಿಂದ ನೋಡಿಯೇ ಇಲ್ಲವಲ್ಲ ಎಂದುಕೊಂಡೆ. ಸೆಕೆಂಡಿನ ಚಿತ್ರಗಳನ್ನು ಎಣಿಸಿ ತೋರಿಸುವ ಅಂಕಿ ಪರದೆಯ ಮೂಲೆಯಲ್ಲಿ ಮೂವತ್ತರಲ್ಲೇ ಅಲುಗಾಡದೆ ನಿಂತಿತ್ತು. ಊರ ಬಾಗಿಲು ಹತ್ತಿರವಾಯಿತು. ಇಪ್ಪತ್ತಾರು. ಬಾಗಿಲ ಕಮಾನಿನ ಕೆಳಗೆ ಹದಿನೇಳು. ಆಮೇಲೆ ಕುದುರೆಯ ಮುಂಗಾಲು ಗಾಳಿಯಲ್ಲಿ ಎತ್ತಿದ್ದು ಎತ್ತಿದ ಹಾಗೇ ನಿಂತುಬಿಟ್ಟಿತು. ಪರದೆ ಸ್ತಬ್ಧ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತಾದ ಮೇಲೆ ಚಿತ್ರ ದಡಬಡ ಮುಂದಕ್ಕೆ ಹಾರಿತು, ಸಂತೆ ಕಾಣಿಸಿತು, ಅಂಕಿ ಮತ್ತೆ ಮೂವತ್ತು.

ಹಿಂದಿನ ವಾರವಷ್ಟೇ ಸಂತೆ ಸರಿಯಾಗಿದೆ ಎಂದು ಬರೆದು ಕಳಿಸಿದ್ದೆವು. ಇನ್ನೊಮ್ಮೆ ಹೋದೆ, ಅದೇ ಕಥೆ. ದೊಡ್ಡ ಪೆಟ್ಟಿಗೆಯಲ್ಲಿ ಅದೇ ಕುದುರೆ, ಅದೇ ದಾರಿ ಹಿಡಿದು ಹೋದೆ. ಬಾಗಿಲಲ್ಲಿ ಅರವತ್ತು ಐವತ್ತೆಂಟಾಯಿತು, ಅಷ್ಟೇ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಒಳಗೆ ಹೋದೆ.

ಆಟದ ಒಳಯಂತ್ರ ನೋಡಿಕೊಳ್ಳುವ ಎಂಜಿನ್ ಪ್ರೋಗ್ರಾಮರ್‌ನನ್ನು ಕರೆದು ತೋರಿಸಿದೆ. ಕಾಕ್ಸ್ ಟೌನಿನವನು, ಏನನ್ನೂ ಗಾಬರಿಯಿಲ್ಲದೆ ಹೇಳುವವನು. ನೋಡಿ, ತಲೆ ಕೆರೆದುಕೊಂಡು, ಕುರ್ಚಿ ಎಳೆದುಕೊಂಡು ಕೂತ.

"ಇಳಿಸಿದಾಗ ಏನಾಗ್ತಿತ್ತು ಹೇಳಿ. ಪರದೆ ಕಪ್ಪಾಗುತ್ತೆ. ಆ ಕತ್ತಲಲ್ಲಿ ಅಂಗಡಿ, ಜನ, ಬಟ್ಟೆ, ಎಲ್ಲಾ ಬಂದು ಕೂತ್ಕೊಂಡಿರುತ್ತೆ. ನಾವು ಕಣ್ ಬಿಡೋ ಹೊತ್ತಿಗೆ ಗಲಾಟೆ ಮುಗ್ದಿರುತ್ತೆ. ಕುದುರೇಲಿ ಹೋದ್ರೆ ಕತ್ತಲೆ ಇಲ್ವಲ್ಲ. ಆಟ ಓಡ್ತಾ ಇರೋವಾಗ್ಲೇ ಎಲ್ಲಾ ಒಟ್ಟಿಗೆ ನುಗ್ಗಬೇಕು. ಬೆಳಿಗ್ಗೆ ಹೊತ್ತು ಕೆ.ಆರ್. ಪುರದ ತೂಗುಸೇತುವೆ ನೋಡಿದ್ದೀರಲ್ಲ? ನಾವು ಇಷ್ಟು ದಿನ ಹೆಲಿಕಾಪ್ಟರಲ್ಲಿ ಇಳ್ಕೊಂಡು ಟ್ರಾಫಿಕ್ ಇಲ್ಲ ಅಂತಿದ್ವಿ."

ನಗು ಬರಬೇಕಿತ್ತು, ಬರಲಿಲ್ಲ. ದೊಡ್ಡ ಪೆಟ್ಟಿಗೆಯ ರಸ್ತೆ ಅಗಲವಾದದ್ದು, ಮೆಮೊರಿ ಎಂಬ ಅದರ ನೆನಪಿನ ಕೋಣೆಯೂ ದೊಡ್ಡದು. ಚಿಕ್ಕದರಲ್ಲಿ ಒಬ್ಬರನ್ನು ಒಳಗೆ ಕರೆಯಬೇಕಾದರೆ ಇನ್ನೊಬ್ಬರನ್ನು ಹೊರಗೆ ಹಾಕಬೇಕು. ಹೊರಗೆ ಹಾಕಿದವರೇ ಮರುಕ್ಷಣ ಬೇಕಾಗುತ್ತಾರೆ.

ಆ ದಿನದಿಂದ, ಆಜ್ಞೆಗಳಿರುವ ನಮ್ಮ ಹಳೆಯ ಪ್ರತಿಗಳಲ್ಲೂ ಯಾರೂ ಇಳಿಸುವ ಹಾಗಿಲ್ಲ ಎಂದು ಕಟ್ಟಪ್ಪಣೆ ಮಾಡಿದೆ. ಅದೇ ಕುದುರೆ, ಬೆಟ್ಟದ ಅದೇ ದಾರಿ, ಆಟದೊಳಗಿನ ಅದೇ ಸಂಜೆ, ಮೋಡವಿಲ್ಲದ ಆಕಾಶ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಎರಡೂ ಪೆಟ್ಟಿಗೆಯಲ್ಲಿ ಮೂರು ಮೂರು ಸಲ ಹೋಗಿ ಬರುವುದು. ಹುಡುಗರು ಬೇಸತ್ತು ಕುದುರೆಗೆ ನನ್ನ ಹೆಸರಿಟ್ಟರು. ಇಟ್ಟುಕೊಳ್ಳಲಿ ಬಿಡಿ.

ಮೊದಲು ಚಿತ್ರದ ಸ್ಫುಟತೆ ಕಡಿಮೆ ಮಾಡಿದೆವು. ಊರೆಲ್ಲ ಮಸುಕಾಯಿತು, ಅಂಕಿ ಮಾತ್ರ ಕದಲಲಿಲ್ಲ. ತೊಂದರೆ ಚಿತ್ರ ಬಿಡಿಸುವುದರಲ್ಲಿ ಇರಲೇ ಇಲ್ಲ. ಕಾಲುನೋವಿಗೆ ಕನ್ನಡಕ ಬದಲಿಸಿದಂತಾಯಿತು ಎಂದು ನನಗೆ ನಾನೇ ಬೈದುಕೊಂಡೆ. ನೆರಳುಗಳನ್ನು ತೆಗೆದೆವು, ದೂರದ ಮರಗಳನ್ನು ತೆಗೆದೆವು. ಒಂದಿಷ್ಟು ಅನುಕೂಲವಾಯಿತು.

ಆಮೇಲೆ ಜನರನ್ನು ಒಟ್ಟಿಗೆ ಎಬ್ಬಿಸದೆ ಸ್ವಲ್ಪ ಸ್ವಲ್ಪವಾಗಿ ಎಬ್ಬಿಸಿ ನೋಡಿದೆವು. ಬಾಗಿಲು ದಾಟಿದ ಕುದುರೆಯ ಮುಂದೆ ಮೀನು ಮಾರುವವನೊಬ್ಬ ಗಾಳಿಯಿಂದ ಧುತ್ತೆಂದು ಮೂಡಿದ. ಇನ್ನೊಬ್ಬನಿಗೆ ಮೊದಲು ಮೈ ಬಂದು, ಆಮೇಲೆ ತಲೆ ಬಂತು. ಆಫೀಸೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೊರದೇಶದವರು ನಗಲಿಲ್ಲ, ಇದು ಆಗುವುದಿಲ್ಲ ಎಂದು ಒಂದೇ ಸಾಲಿನಲ್ಲಿ ತಿಳಿಸಿದರು.

ಊರ ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸಿ, ಅವನು ನಾಲ್ಕು ಮಾತು ಆಡಿ ಕಳಿಸುವ ಹಾಗೆ ಮಾಡೋಣ, ಅಷ್ಟರಲ್ಲಿ ಒಳಗಿನದೆಲ್ಲ ಬಂದು ಕೂರುತ್ತದೆ ಎಂದು ನಾನು ಹೇಳಿದೆ. ಕಥೆಯಲ್ಲಿ ಅದೇ ಬಾಗಿಲಿನ ಮೂಲಕ ಕುದುರೆ ಬೆನ್ನಟ್ಟುವ ಪ್ರಸಂಗವಿದೆ, ಬೆನ್ನಟ್ಟುವವನನ್ನು ಕಾವಲುಗಾರ ಮಾತಾಡಿಸಿಕೊಂಡು ನಿಂತರೆ ಆಭಾಸ ಎಂದು ಹೊರದೇಶದವರು ಹೇಳಿದರು. ಅದೂ ಸರಿಯೇ.

ಕೊನೆಗೆ ಕ್ರೌಡ್ ಡಿಸೈನರ್ ತಾನಾಗಿಯೇ ಬಂದ. "ಮೇಡಂ, ನಡಿಗೆಗಳನ್ನ ಕಡ್ಮೆ ಮಾಡ್ತೀನಿ. ಬಟ್ಟೆ ಒಂದೇ ಥರ ಕೊಡ್ತೀನಿ. ಜನ ಮಾತ್ರ ಉಳೀಲಿ." ರಸೆಲ್ ಮಾರ್ಕೆಟ್ಟಿನ ಮುಂದೆ ನಿಂತು ನಿಂತು ತಂದದ್ದನ್ನೆಲ್ಲ ಚಿಕ್ಕ ಪೆಟ್ಟಿಗೆಯ ಪ್ರತಿಯಿಂದ ಅವನೇ ಒಂದೊಂದಾಗಿ ಅಳಿಸಿದ. ಮಟನ್ ಅಂಗಡಿಯವನೂ ಮೂಟೆಯವನೂ ಈಗ ಒಂದೇ ಥರ ನಡೆಯತೊಡಗಿದರು. ಸಂತೆಯಲ್ಲಿ ಅಲ್ಲಲ್ಲಿ ಜನ ಕವಾಯತು ಮಾಡುವವರ ಹಾಗೆ ಒಟ್ಟಿಗೆ ಹೆಜ್ಜೆ ಎತ್ತುತ್ತಿದ್ದರು. ಅಂಕಿ ಇಪ್ಪತ್ತೈದಕ್ಕೆ ಬಂತು. ಅಕ್ಕನ ನಡಿಗೆಯನ್ನು ಮಾತ್ರ ಅವನು ಮುಟ್ಟಿರಲಿಲ್ಲ. ನಾನು ಗಮನಿಸಿದೆ, ಹಾಗೇ ಬಿಟ್ಟೆ.

"ಅಕ್ಕ ದಿನಾ ಕೇಳ್ತಾಳೆ ಮೇಡಂ," ಎಂದ. "ಪಕ್ಕದ ಮನೆಯವ್ರಿಗೆಲ್ಲಾ ಹೇಳ್ಕೊಂಡ್ ಬಂದ್ಬಿಟ್ಟಿದಾಳೆ."

ಸಮಯ ಮುಗಿಯುತ್ತ ಬಂತು. ಇಡೀ ಕೆಲಸದ ಉಸ್ತುವಾರಿ ಹೊತ್ತ ಪ್ರೊಡ್ಯೂಸರ್ ಎಲ್ಲರನ್ನೂ ಕೂರಿಸಿಕೊಂಡರು. ಮೂರು ದಾರಿ ಇದ್ದವು. ತಡವರಿಸುವುದನ್ನು ಹಾಗೇ ಬಿಟ್ಟು ಬಿಡುಗಡೆ ಮಾಡಿ ಆಮೇಲೆ ರಿಪೇರಿ ಮಾಡುವುದು ಒಂದು. ಚಿಕ್ಕ ಪೆಟ್ಟಿಗೆಗೆ ಈ ಆಟ ಬರುವುದೇ ಇಲ್ಲ ಎಂದು ಕೈಚೆಲ್ಲುವುದು ಇನ್ನೊಂದು. ಹಾಗೆ ಮಾಡಿದರೆ ನಮ್ಮಲ್ಲಿ ಅರ್ಧ ಜನರಿಗೆ ಕೆಲಸವಿರುವುದಿಲ್ಲ. ಮೂರನೆಯದು, ಚಿಕ್ಕ ಪೆಟ್ಟಿಗೆಯ ಸಂತೆಯಿಂದ ಜನರನ್ನು ತೆಗೆಯುವುದು.

"ನೀವು ಹೇಳ್ರೀ," ಎಂದು ನನ್ನ ಕಡೆ ನೋಡಿದರು. "ನೀವೇನು ಹೇಳ್ತೀರೋ ಅದನ್ನೇ ಹೊರದೇಶದವ್ರಿಗೆ ಬರೀತೀನಿ."

ಜನರನ್ನು ತೆಗೆದು ನಾನು ಆಗಲೇ ಓಡಿಸಿ ನೋಡಿದ್ದೆ. ಮೂರರಲ್ಲಿ ಎರಡು ಪಾಲು ಹೋದರೆ ಬಾಗಿಲಲ್ಲಿ ಮೂವತ್ತು, ಗೆರೆ ಎಳೆದ ಹಾಗೆ. ಆಮೇಲೆ ರಿಪೇರಿ ಮಾಡುತ್ತೇವೆ ಎಂದು ಮುರುಕಲು ಆಟ ಮಾರುವುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಚಿಕ್ಕ ಪೆಟ್ಟಿಗೆಯವರು ಕೊಡುವುದೂ ಅದೇ ಬೆಲೆ. ಅವರ ತಲೆ ಯಾಕೆ ನೋಯಬೇಕು?

"ಜನ ತೆಗೀರಿ," ಎಂದೆ.

ಕ್ರೌಡ್ ಡಿಸೈನರ್ ಮೇಜನ್ನು ನೋಡುತ್ತಿದ್ದ. ಅವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಯಾರನ್ನು ತೆಗೆಯಬೇಕು ಎಂಬುದಕ್ಕೆ ಈ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಆಡುವವರಿಗೆ ಏನಾದರೂ ಮಾರುವವರು, ಏನಾದರೂ ಕೆಲಸ ಒಪ್ಪಿಸುವವರು, ದಾರಿ ತೋರಿಸುವವರು ಉಳಿಯುತ್ತಾರೆ. ಸುಮ್ಮನೆ ಓಡಾಡಿಕೊಂಡಿರುವವರು ಹೋಗುತ್ತಾರೆ. ಅಕ್ಕನ ನಡಿಗೆ ಕೊಟ್ಟಿದ್ದ ಹೂವಿನವಳ ಹೂವನ್ನು ಆಟದಲ್ಲಿ ಕೊಳ್ಳಲು ಬರುತ್ತಿರಲಿಲ್ಲ. ಅವಳು ಸುಮ್ಮನೆ ಓಡಾಡುವವಳು.

ಮರುದಿನ ಊಟದ ಹೊತ್ತಿನಲ್ಲಿ ಅವನು ನನ್ನ ಮೇಜಿನ ಹತ್ತಿರ ಬಂದು ನಿಂತ.

"ಒಬ್ಬಳನ್ನ ಬಿಟ್ಬಿಡಿ ಮೇಡಂ. ಅಷ್ಟು ಜನರಲ್ಲಿ ಒಬ್ಬಳು. ಏನಾಗ್ಬಿಡುತ್ತೆ?"

"ಕೂತ್ಕೋ," ಎಂದೆ. ಹೂವಿನವಳೊಬ್ಬಳನ್ನು ಮಾತ್ರ ಉಳಿಸಿ, ಅವನೆದುರಿಗೇ ಕುದುರೆ ಓಡಿಸಿದೆ. ಬಾಗಿಲಲ್ಲಿ ಇಪ್ಪತ್ತೆಂಟು. ಇನ್ನೆರಡು ಸಲ ಓಡಿಸಿದೆ. ಇಪ್ಪತ್ತೆಂಟು, ಇಪ್ಪತ್ತೆಂಟು. ಕಾರಣ ಅವನಿಗೇ ನನಗಿಂತ ಚೆನ್ನಾಗಿ ಗೊತ್ತಿತ್ತು. ಉಳಿದವರೆಲ್ಲ ಒಂದೇ ನಡಿಗೆಯನ್ನು ಹಂಚಿಕೊಂಡಿದ್ದರು. ಅಕ್ಕನ ನಡಿಗೆ ಬೇರೆ ಯಾರದ್ದೂ ಅಲ್ಲ. ಅದನ್ನು ಅವಳೊಬ್ಬಳಿಗೋಸ್ಕರ ಒಳಗೆ ತರಬೇಕು, ಅವಳೊಬ್ಬಳಿಗೋಸ್ಕರ ಇಟ್ಟುಕೊಳ್ಳಬೇಕು. ಬುಟ್ಟಿಯಲ್ಲಿ ಅಲುಗಾಡುವ ಹೂವಿನ ಲೆಕ್ಕ ಬೇರೆ. ಇಡೀ ಸಂತೆಯಲ್ಲಿ ಅತಿ ಹೆಚ್ಚು ಭಾರದವಳು ಅವಳೇ ಆಗಿದ್ದಳು.

"ಎರಡು ಫ್ರೇಮು ಯಾರಿಗ್ ಕಾಣುತ್ತೆ ಮೇಡಂ?"

"ನನಗೆ ಕಾಣುತ್ತೆ ಕಣೋ."

ಹೇಳಿದ ಮೇಲೆ ನನಗೇ ಸಂಕಟವಾಯಿತು. "ಒಂದ್ ಕೆಲ್ಸ ಮಾಡು," ಎಂದೆ. "ಎಲ್ಲರಿಗೂ ಇರೋ ನಡಿಗೇನೇ ಅವಳಿಗೂ ಕೊಡು. ಬೊಂಬೆ ಉಳಿಯುತ್ತೆ."

"ನಡಿಗೆ ಒಂದೇ ಅವಳದ್ದು ಅಲ್ಲಿರೋದು. ಮುಖ ಅವಳದ್ದಲ್ಲ, ಬಟ್ಟೆ ಅವಳದ್ದಲ್ಲ. ಅದನ್ನೂ ತೆಗೆದ್ರೆ ಅದು ಯಾರೋ."

"ಹಂಗಾದ್ರೆ ಒಂದು ಕಡೆ ಕೂರಿಸು. ಕೂತಿರೋರಿಗೆ ಖರ್ಚಿಲ್ಲ."

"ನಮ್ಮಕ್ಕ ಒಂದಿನಾನೂ ಕೂತ್ಕೊಂಡು ಮಾರಿಲ್ಲ ಮೇಡಂ. ಕೂತ್ಕೊಳ್ಳೋಕೆ ಜಾಗ ಯಾರ್ ಕೊಡ್ತಾರೆ ಅಲ್ಲಿ?"

ಅವನು ಎದ್ದು ಹೋದ. ನಾನು ಊಟದ ಡಬ್ಬಿ ಮುಚ್ಚಿಟ್ಟೆ. ಸಂಜೆಯ ಪ್ರತಿಯಲ್ಲಿ ಹೂವಿನವಳು ಇರಲಿಲ್ಲ. ಬೇರೆಯವರನ್ನು ತೆಗೆಯುವ ಕೆಲಸವನ್ನು ಹುಡುಗರಿಗೆ ಹಂಚಿ, ಅವಳನ್ನು ಮಾತ್ರ ತಾನೇ ತೆಗೆದಿದ್ದ. ಬಾಗಿಲಲ್ಲಿ ಮೂವತ್ತು ಬಂತು. ಇಂಥ ದಿನ ನಾನು ಮೇಜು ಕುಟ್ಟಿ ಕೂಗುವವಳು. ಆ ದಿನ ಸುಮ್ಮನೆ ಬ್ಯಾಗು ತೆಗೆದುಕೊಂಡು ಮೆಟ್ರೋ ಕಡೆ ನಡೆದೆ.

ಆಟ ಬಿಡುಗಡೆಯಾಯಿತು. ಎರಡೂ ಪೆಟ್ಟಿಗೆಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿ ವಿಡಿಯೋ ಮಾಡುವವರು ಬಹಳ ಮಂದಿ ಇದ್ದಾರೆ. ಅವರೆಲ್ಲ ಊರ ಬಾಗಿಲಲ್ಲಿ ಕುದುರೆ ಓಡಿಸಿ ನೋಡಿದರು. ಚಿಕ್ಕ ಪೆಟ್ಟಿಗೆಯಲ್ಲಿ ಇಷ್ಟು ಸರಾಗವಾಗಿ ಓಡುತ್ತದೆ ಎಂದುಕೊಂಡಿರಲಿಲ್ಲ ಎಂದು ಹೊಗಳಿದರು. ಸಂತೆ ಸ್ವಲ್ಪ ಖಾಲಿ ಹೊಡೆಯುತ್ತದೆ ಎಂದು ಒಬ್ಬ ಸೇರಿಸಿದ, ಆದರೆ ಅದೇನು ದೊಡ್ಡ ಕೊರತೆಯಲ್ಲ ಎಂದೂ ಅವನೇ ಹೇಳಿದ. ಪ್ರೊಡ್ಯೂಸರ್ ಕೇಕ್ ತರಿಸಿ ಚಾಕು ನನ್ನ ಕೈಗೆ ಕೊಟ್ಟರು. ಕ್ರೌಡ್ ಡಿಸೈನರ್ ತಲೆನೋವೆಂದು ಮನೆಗೆ ಹೋಗಿದ್ದ.

ನನ್ನ ನಿರ್ಧಾರ ತಪ್ಪು ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಬೇಜಾರು ಮಾತ್ರ ಹೋಗಿಲ್ಲ. ಸರಿಯಾದದ್ದನ್ನು ಮಾಡಿದರೆ ಮನಸ್ಸು ಹಗುರವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆಮೇಲೊಂದು ಶನಿವಾರ ಅವನು ಫೋನ್ ಮಾಡಿದ. "ನಾಳೆ ಅಕ್ಕ ಆಟ ನೋಡ್ತೀನಿ ಅಂತ ಕೂತಿದ್ದಾಳೆ. ನಾನಿನ್ನೂ ಹೇಳಿಲ್ಲ ಮೇಡಂ. ಒಬ್ನೇ ಹೇಳೋಕ್ ಆಗಲ್ಲ. ನೀವೂ ಬನ್ನಿ." ಮರುದಿನ ಕಲ್ಯಾಣ ನಗರದ ನನ್ನ ಮನೆಯಿಂದ ಹೊರಟು ಹಲಸೂರಿಗೆ ಹೋದೆ. ಕೆರೆಯ ಹಿಂದಿನ ಗಲ್ಲಿಯಲ್ಲಿ ಒಂದೇ ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಟೀವಿ. ಅಕ್ಕ ತಲೆ ಬಾಚಿ ಹೂ ಮುಡಿದು, ಒಳ್ಳೆಯ ಸೀರೆ ಉಟ್ಟು ಚಾಪೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ, "ಬನ್ನಿ ಬನ್ನಿ, ಬಾಟ್ಲಿ ಹೊರಿಸಿದೋರು!" ಎಂದು ನಕ್ಕರು.

ಅವನು ಬಾಯಿ ತೆರೆಯುವಷ್ಟರಲ್ಲಿ ಮಗಳು ಆಟ ಶುರು ಮಾಡಿಬಿಟ್ಟಿದ್ದಳು. ಅವಳಿಗೆ ಇಳಿಸುವುದು ಗಿಳಿಸುವುದು ಗೊತ್ತಿಲ್ಲ. ಬೆಟ್ಟದಿಂದ ಕುದುರೆ ಓಡಿಸಿಕೊಂಡು ಬಂದಳು. ನನ್ನ ಕಣ್ಣು ತಾನಾಗಿಯೇ ಬಾಗಿಲಿಗೆ ಹೋಯಿತು. ಎಲ್ಲೂ ಒಂದು ಚೂರು ತಡವರಿಸಲಿಲ್ಲ. ಕುದುರೆ ನುಣ್ಣಗೆ ಒಳಗೆ ಹೋಗಿ, ಸಂತೆಯ ನಡುವೆ ನಿಂತಿತು. ಅಂಗಡಿಗಳ ಸಾಲು. ಕಮ್ಮಾರ, ಔಷಧಿಯವನು, ಮೀನಿನವನು. ಮಿಕ್ಕದ್ದೆಲ್ಲ ಬರೀ ಕಲ್ಲುಹಾಸು.

ಅಕ್ಕ ಮುಂದಕ್ಕೆ ಬಗ್ಗಿ ನೋಡಿದರು. "ಇದೇನು ಸಂತೇಲಿ ಜನಾನೇ ಇಲ್ಲ? ಬಂದ್ ಆ? ಏನಾದ್ರೂ ಗಲಾಟೆ ಆಯ್ತಾ?"

"ಗಲಾಟೆ ಏನಿಲ್ಲ ಅಕ್ಕ," ಎಂದ ತಮ್ಮ. "ಇದು ಚಿಕ್ಕದು. ಇದ್ರಲ್ಲಿ ಅಷ್ಟೊಂದು ಜನ ಹಿಡಿಯಲ್ಲ. ನೀನು ಇದ್ರಲ್ಲಿ ಇಲ್ಲ. ದೊಡ್ಡದ್ರಲ್ಲಿ ಇದೀಯಾ."

"ದೊಡ್ಡದು ಯಾರ ಮನೇಲಿದೆ?"

ಅವನು ನನ್ನ ಕಡೆ ನೋಡಿದ. ಮಗಳು ಆಡುವುದನ್ನು ನಿಲ್ಲಿಸಿ ನಮ್ಮ ಕಡೆ ತಿರುಗಿದಳು. ನಾನೇ ಹೇಳಬೇಕಾಯಿತು.

"ನಮ್ಮನೇಲಿದೆ ಅಕ್ಕ. ಇವತ್ತೇ ಬನ್ನಿ, ತೋರಿಸ್ತೀನಿ. ಆಟೋ ಮಾಡ್ಕೊಂಡ್ ಹೋಗೋಣ."

"ಅಲ್ಲಿ ನಾನು ಓಡಾಡ್ತಾ ಇದ್ದೀನಾ?"

"ಹೂಂ ಅಕ್ಕ. ಆಟದಲ್ಲಿ ಸಂಜೆ ಆದ್ರೆ ಸಂತೇಲಿ ಬರ್ತೀರಾ."

ಅವರು ಇನ್ನೊಮ್ಮೆ ಟೀವಿಯ ಕಡೆ ನೋಡಿದರು. ಕೋಪ ಮಾಡಿಕೊಳ್ಳುತ್ತಾರೇನೋ ಎಂದು ಕಾದೆ. ಮಾಡಿಕೊಂಡಿದ್ದರೆ ನನಗೆ ಎಷ್ಟೋ ಹಾಯಾಗಿರುತ್ತಿತ್ತು. ಮಂಡಿಗೆ ಕೈ ಕೊಟ್ಟು ಎದ್ದು, ಚಹಾಕ್ಕೆ ನೀರಿಡಲು ಸ್ಟೌವಿನ ಹತ್ತಿರ ಹೋದರು. ಅಲ್ಲಿಂದಲೇ, ನಮಗೆ ಬೆನ್ನು ಮಾಡಿಕೊಂಡೇ ಕೇಳಿದರು.

"ಅಂದ್ರೆ ನಿಮ್ಮನೇಲಿ ಇದ್ದೀನಿ. ನಮ್ಮನೇಲಿ ಮಾತ್ರ ಇಲ್ಲ. ಅಲ್ವಾ?"

"ಹೌದು ಅಕ್ಕ," ಎಂದೆ.